‘ಬಚ್ಚಲದಾಗ ಪ್ಲಾನ್ ಮಾಡೋದೇನದ ಮೇಡಂ?’

ನಮ್ಮ ಅತ್ತೆ ಬಿದ್ದದ್ದು 2021ರ ಡಿಸೆಂಬರಿನಲ್ಲಿ, ಆಗ ನಾವಿದ್ದ ಬಾಡಿಗೆ ಮನೆಯ ಬಚ್ಚಲಲ್ಲಿ. ಪುಣ್ಯಕ್ಕೆ ಎಲುಬು ಮುರಿಯಲಿಲ್ಲ, ಮೊಣಕಾಲು ಊದಿಕೊಂಡಿತು. ಆದರೆ ಅವರನ್ನು ಹೊರಗೆ ತರಲು ಹಿಡಿದ ಅರ್ಧ ತಾಸು ನೆನೆದರೆ ಈಗಲೂ ಕೈಕಾಲು ತಣ್ಣಗಾಗುತ್ತವೆ. ಆ ಬಾಗಿಲು ಒಳಕ್ಕೆ ತೆರೆಯುವಂಥದ್ದು, ಅತ್ತೆ ಬಿದ್ದದ್ದು ಅದಕ್ಕೆ ಅಡ್ಡಲಾಗಿ. ದೂಡಿದರೆ ಬಾಗಿಲು ಅವರ ಬೆನ್ನಿಗೇ ಬಡಿಯುತ್ತಿತ್ತು. ಒಳಗಿನಿಂದ “ದೂಡಬ್ಯಾಡ್ರೆವಾ, ತಡೀರಿ, ನಾನೇ ಸರೀತೀನಿ” ಅನ್ನುತ್ತಿದ್ದರು, ಸರಿಯಲು ಆಗುತ್ತಿರಲಿಲ್ಲ. ಕಡೆಗೆ ಮಾಲೀಕರ ಮಗ ಹೊರಗಿನಿಂದ ಏಣಿ ಹಾಕಿ, ವೆಂಟಿಲೇಟರಿನ ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಎಳೆದು ತೆಗೆದು ಒಳಗಿಳಿದ.

ಮರುವರ್ಷ ದೀಪಾವಳಿ ಮುಗಿಸಿ ಕಲಬುರಗಿಯ ಸೇಡಂ ರಸ್ತೆ ಕಡೆಯ ನಮ್ಮ 30×40 ಸೈಟಿನಲ್ಲಿ ಪಾಯ ತೋಡಿಸಿದೆವು. ನಮ್ಮವರಿಗೆ ಸಿಂಧನೂರಿನಲ್ಲಿ ಬ್ಯಾಂಕಿನ ನೌಕರಿ. ಶನಿವಾರ ರಾತ್ರಿ ಬಂದು ಸೋಮವಾರ ನಸುಕಿನಲ್ಲಿ ಬಸ್ ಹತ್ತುವವರು. ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳುವವಳು. ಹೀಗಾಗಿ ಮನೆ ಕಟ್ಟಿಸುವ ಉಸ್ತುವಾರಿ ನನ್ನ ಕೊರಳಿಗೆ ಬಿತ್ತು. ಕಾಂಟ್ರ್ಯಾಕ್ಟರಿಗೆ ಇದು ಒಗ್ಗಲು ಮೂರು ತಿಂಗಳು ಬೇಕಾಯಿತು. ನಾನು ಏನೇ ಕೇಳಲಿ, “ಸಾಹೇಬ್ರು ಯಾವಾಗ ಬರ್ತಾರ್ರಿ?” ಅನ್ನುವುದೇ ಅವರ ಮೊದಲ ಉತ್ತರ.

ನಕ್ಷೆಯಲ್ಲಿ ಅತ್ತೆಯ ಕೋಣೆಗೆ ಹೊಂದಿಕೊಂಡು ಒಂದು ಸಣ್ಣ ಚೌಕವಿತ್ತು. ಅದರೊಳಗೆ ‘ಟಾಯ್ಲೆಟ್ 7×4’ ಎಂದಷ್ಟೇ ಬರೆದಿತ್ತು. ಅಡಿಗೆಮನೆಗೆ ಕಟ್ಟೆ ಎಲ್ಲಿ, ಸಿಂಕ್ ಎಲ್ಲಿ, ಮಿಕ್ಸರ್ ಪಾಯಿಂಟ್ ಎಲ್ಲಿ ಎಂದು ಗೀರು ಎಳೆದು ತೋರಿಸಿದವರು ಇಲ್ಲಿ ಒಂದು ಗೀರೂ ಎಳೆದಿರಲಿಲ್ಲ. ಕೇಳಿದ್ದಕ್ಕೆ ಕಾಂಟ್ರ್ಯಾಕ್ಟರ್ ನಕ್ಕರು. “ಬಚ್ಚಲದಾಗ ಪ್ಲಾನ್ ಮಾಡೋದೇನದ ಮೇಡಂ? ಒಂದು ಕಮೋಡ್, ಒಂದು ನಳ, ಒಂದು ಗೀಜರ್. ಪ್ಲಂಬರ್ ಬಂದಾಗ ನೋಡಿದ್ರಾತು.”

ಪ್ಲಂಬರ್ ಬರುವ ಹೊತ್ತಿಗೆ ನೋಡಲು ಏನೂ ಉಳಿದಿರುವುದಿಲ್ಲ ಎಂದು ಗೊತ್ತಾದದ್ದು ಆಮೇಲೆ. ಬಾಗಿಲ ಅಗಲ ಗೋಡೆ ಏಳುವಾಗಲೇ ನಿಶ್ಚಯವಾಗುತ್ತದೆ. ನೆಲದ ಮಟ್ಟ ಟೈಲ್ಸಿನ ಕೆಳಗಿನ ಬೆಡ್ ಕಾಂಕ್ರೀಟ್ ಹಾಕಿದ ದಿನ, ಕಮೋಡ್ ಗೋಡೆಯಿಂದ ಎಷ್ಟು ದೂರ ಕೂರುತ್ತದೆ ಎನ್ನುವುದು ನಾಲ್ಕು ಇಂಚಿನ ಪೈಪು ಹೂತ ದಿನ. ಟೈಲ್ಸ್ ಅಂಗಡಿಯಲ್ಲಿ ನಾವು ತಾಸುಗಟ್ಟಲೆ ನಿಂತು ಆರಿಸುವುದು ಬರೀ ಬಣ್ಣ.

ಬಾಗಿಲಿನಿಂದಲೇ ಸುರು ಮಾಡಿದೆ. ಅವರ ಲೆಕ್ಕದಲ್ಲಿ ಬಚ್ಚಲ ಬಾಗಿಲೆಂದರೆ ಎರಡೂಕಾಲು ಅಡಿ, ಒಳಕ್ಕೆ ತೆರೆಯಬೇಕು. ನನಗೆ ಮೂರಡಿ ಬೇಕಿತ್ತು, ಹೊರಕ್ಕೆ ತೆರೆಯಬೇಕಿತ್ತು. ನಾಳೆ ಗಾಲಿ ಕುರ್ಚಿ ಬಂದರೆ ಎರಡೂಕಾಲು ಅಡಿಯಲ್ಲಿ ಹಾಯುವುದಿಲ್ಲ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲು ಏನು ಮಾಡುತ್ತದೆ ಎನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೆ. “ಹೊರಗ ತೆಗೆದ್ರ ಕೋಣಿ ಜಾಗ ತಿಂತದ್ರಿ, ನೋಡ್ಲಾಕೂ ಛಂದ ಕಾಣಂಗಿಲ್ಲ” ಅಂದರು. ವೆಂಟಿಲೇಟರಿನಿಂದ ಇಳಿದ ಹುಡುಗನ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮವ್ವಗೂ ಎಪ್ಪತ್ತಾತು” ಅಂದರು. ಮೂರಡಿ ಚೌಕಟ್ಟು ಬಂತು. ಒಳಗಿನ ಅಳತೆ 7×4 ಇದ್ದದ್ದು ಸ್ಟೋರ್ ರೂಮಿನಿಂದ ಜಾಗ ಕಿತ್ತುಕೊಂಡು 8×5 ಆಯಿತು.

ಗೋಡೆ ಎದೆಮಟ್ಟಕ್ಕೆ ಬಂದ ಒಂದು ರವಿವಾರ ಅತ್ತೆಯನ್ನು ಆಟೋದಲ್ಲಿ ಸೈಟಿಗೆ ಕರೆತಂದೆ. ಮೇಲೆ ಆಕಾಶ, ಕೆಳಗೆ ಮುರುಮು, ನಡುವೆ ನಾಲ್ಕು ಮೋಟು ಗೋಡೆ. “ಇದೇನವಾ ಬಚ್ಚಲಂದ್ರ ಕೋಣಿ ಮಾಡಿಯಲ್ಲ” ಅಂದರು. ಕಮೋಡ್ ಬರುವ ಜಾಗದಲ್ಲಿ ಗೌಂಡಿ ಐದು ಇಟ್ಟಿಗೆ ಒಂದರ ಮೇಲೊಂದು ಇಟ್ಟರು, ಹದಿನೈದು ಇಂಚು. ಅತ್ತೆ ಕುಳಿತರು, ಏಳಲು ಎರಡು ಸಲ ಪ್ರಯತ್ನಿಸಿ ನನ್ನ ಕೈ ಹಿಡಿದರು. ಆರನೇ ಇಟ್ಟಿಗೆ ಇಟ್ಟಾಗ ಸಲೀಸಾಗಿ ಎದ್ದರು, ಆದರೆ ಕುಳಿತಾಗ ಹಿಮ್ಮಡಿ ನೆಲಕ್ಕೆ ಮುಟ್ಟಲಿಲ್ಲ. ಅತ್ತೆ ಐದಡಿಗೂ ಗಿಡ್ಡ. ಗೌಂಡಿ ಆರನೆಯದನ್ನು ತೆಗೆದು ಅಲ್ಲೇ ಬಿದ್ದಿದ್ದ ಶಹಾಬಾದ್ ಫರಸಿಯ ಎರಡು ತುಂಡು ಇಟ್ಟರು. ಹದಿನೇಳು ಇಂಚು. “ಹಾಂ, ಇದು ಬರೋಬ್ಬರಿ” ಅಂದರು ಅತ್ತೆ. ಕಮೋಡ್ ಕೊಳ್ಳಲು ಹೋದಾಗ ಸೀಟು ಸೇರಿಸಿ ಹದಿನೇಳು ಇಂಚು ಬರುವುದನ್ನೇ ಟೇಪು ಹಿಡಿದು ಆರಿಸಿದೆ. ಅಂಗಡಿಯವನು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಇನ್ನು ಹಿಡಿಯುವ ಕಂಬಿ. ನಾನು ಓದಿಕೊಂಡಿದ್ದ ಪ್ರಕಾರ ಅದು ನೆಲದಿಂದ ಮೂರಡಿಯ ಹತ್ತಿರ ಇರಬೇಕು. ಅತ್ತೆಗೆ ಇಟ್ಟಿಗೆಯ ಮೇಲಿಂದ ಕಣ್ಣು ಮುಚ್ಚಿ ಎದ್ದೇಳಲು ಹೇಳಿದೆ. ಎಡಗೈ ತಾನಾಗಿ ಗೋಡೆಗೆ ಹೋಯಿತು. ಅಂಗೈ ಊರಿದಲ್ಲಿ ಸೀಮೆಸುಣ್ಣದ ಗೆರೆ ಹಾಕಿದೆ. ಮೂರು ಸಲ ಎಬ್ಬಿಸಿದೆ, ಮೂರು ಗೆರೆ, ಎಲ್ಲವೂ ಎರಡೂವರೆ ಅಡಿಯ ಆಚೀಚೆ. ನಾಲ್ಕನೇ ಸಲಕ್ಕೆ “ನನ್ನೇನ್ ಸಾಲಿ ಹುಡುಗಿ ಮಾಡಿಯೇನ, ಬೈಠಕ್ ತೆಗಸ್ಲಾಕತ್ತಿ” ಎಂದು ರೇಗಿದರು. ಅದು ನಾಲ್ಕೂವರೆ ಇಂಚಿನ ಗೋಡೆ. ಅದರಲ್ಲಿ ಸ್ಕ್ರೂ ಹೊಡೆದರೆ ಭಾರ ಬಿದ್ದಾಗ ಕಿತ್ತು ಬರುತ್ತದೆ ಎಂದು ಗೌಂಡಿಯೇ ಹೇಳಿ, ಗೆರೆ ಇದ್ದಲ್ಲಿ ಎರಡು ಸಾಲು ಇಟ್ಟಿಗೆ ಬಿಚ್ಚಿ ಕಾಂಕ್ರೀಟ್ ತುಂಬಿದರು. ಅದಕ್ಕೆ ಅವರು ಹೆಚ್ಚಿಗೆ ದುಡ್ಡು ಕೇಳಲಿಲ್ಲ. ನಾನೇ ಅವತ್ತು ಎಲ್ಲರಿಗೂ ಮಿರ್ಚಿಭಜಿ ತರಿಸಿದೆ.

ನಮ್ಮದು ಕೂಲಿ ಗುತ್ತಿಗೆ: ಸಾಮಾನು ನಮ್ಮದು, ಕೆಲಸ ಅವರದು, ಚದರಡಿಗೆ ಇಷ್ಟು ಎಂದು ಲೆಕ್ಕ. ಕೇಳಲು ಸರಳ. ಆದರೆ ಆ ಚದರಡಿಯೊಳಗೆ ಏನೇನು ಬರುವುದಿಲ್ಲ ಎನ್ನುವುದು ಒಂದೊಂದಾಗಿ ಹೊರಬೀಳುತ್ತದೆ. ಪೈಪಿಗೆ ಗೋಡೆ ಕೊರೆಯುವುದು ಬೇರೆ, ಕೊರೆದದ್ದನ್ನು ಮುಚ್ಚುವುದು ಬೇರೆ, ವಾಟರ್‌ಪ್ರೂಫಿಂಗ್ ಬೇರೆ, ಸೆಪ್ಟಿಕ್ ಟ್ಯಾಂಕ್ ಬೇರೆ. ಬಚ್ಚಲ ಗೋಡೆಗೆ ನಾಲ್ಕಡಿ ಟೈಲ್ಸಾದರೆ ಒಳಗೆ, ಏಳಡಿಯಾದರೆ ಮೇಲಿನ ಮೂರಡಿಗೆ ಬೇರೆ ರೇಟು. ಎರಡು ಸಲ ಹೀಗೆ ತಬ್ಬಿಬ್ಬಾದ ಮೇಲೆ ನೂರು ಪುಟದ ನೋಟ್‌ಬುಕ್ ತಂದೆ. ಬಚ್ಚಲಿಗೇ ಹನ್ನೊಂದು ಪುಟ ಹೋದವು. ನಳ ಎಷ್ಟು ಎತ್ತರ, ಗೀಜರ್ ಎಲ್ಲಿ, ನೆಲದ ಢಾಳ ಅಂದರೆ ಇಳಿಜಾರು ಯಾವ ಕಡೆ, ಕೆಡವಿ ಮಾಡಬೇಕಾಗಿ ಬಂದರೆ ಖರ್ಚು ಯಾರದು. ಪ್ರತಿ ಪುಟಕ್ಕೆ ಕಾಂಟ್ರ್ಯಾಕ್ಟರ್ ಸಹಿ. “ಮೇಡಂ, ನಾ ಪರೀಕ್ಷಾ ಪಾಸಾಗ್ತೀನಿಲ್ಲ?” ಎಂದು ನಗುತ್ತಲೇ ಹಾಕಿದರು. ಕೊನೆಯ 25,000 ರೂಪಾಯಿ ಒಂದು ಮಳೆಗಾಲ ಕಳೆದ ಮೇಲೆ ಎಂದೂ ಬರೆದಿತ್ತು. ಅದಕ್ಕೆ ಮಾತ್ರ ನಗಲಿಲ್ಲ.

ಹೊಸ್ತಿಲ ವಿಷಯಕ್ಕೆ ಬರುತ್ತೇನೆ. ಬಾಡಿಗೆ ಮನೆಯ ಬಚ್ಚಲಿಗೆ ಆರಿಂಚಿನ ಹೊಸ್ತಿಲಿತ್ತು, ಅತ್ತೆ ಎಡವಿದ್ದು ಅದಕ್ಕೇ. ಇಲ್ಲಿ ಕೋಣೆಯ ನೆಲಕ್ಕೂ ಬಚ್ಚಲ ನೆಲಕ್ಕೂ ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸ ಬೇಡ ಎಂದಿದ್ದೆ. ಆ ಅರ್ಧ ಇಂಚು ಸುಮ್ಮನೆ ಬರುವುದಿಲ್ಲ. ಬಾಗಿಲಿನಿಂದ ನೀರು ಹೋಗುವ ಜಾಲಿಯವರೆಗೆ ಆರಡಿ ಇದ್ದರೆ, ಅಡಿಗೆ ಕಾಲು ಇಂಚಿನಂತೆ ಒಂದೂವರೆ ಇಂಚು ಇಳಿಜಾರು ಬೇಕು. ಅದರ ಕೆಳಗೆ ಮಾಲು, ಅದರ ಕೆಳಗೆ ವಾಟರ್‌ಪ್ರೂಫಿಂಗ್. ಇಷ್ಟೆಲ್ಲ ಹಿಡಿಸಬೇಕಾದರೆ ಬಚ್ಚಲ ಬೆಡ್ ಕಾಂಕ್ರೀಟು ಕೋಣೆಯದ್ದಕ್ಕಿಂತ ಮೂರು ಇಂಚು ತಗ್ಗಿನಲ್ಲಿ ಇರಬೇಕು. ನೋಟ್‌ಬುಕ್ಕಿನ ನಾಲ್ಕನೇ ಪುಟ.

ಜನವರಿಯ ಒಂದು ಸಂಜೆ ಶಾಲೆ ಮುಗಿಸಿ ಸೈಟಿಗೆ ಬಂದಾಗ ಅತ್ತೆಯ ಕೋಣೆ, ಬಚ್ಚಲು, ಪಡಸಾಲೆ ಎಲ್ಲವೂ ಒಂದೇ ಸಮ, ಕನ್ನಡಿಯಂತೆ ಹೊಳೆಯುತ್ತಿದ್ದವು. ಮಧ್ಯಾಹ್ನ ಮೂರರ ನಂತರ ಹಾಕಿದ್ದಂತೆ. ಕಾಂಟ್ರ್ಯಾಕ್ಟರಿಗೆ ಫೋನ್ ಮಾಡಿದೆ. ಬೇರೊಂದು ಸೈಟಿನಲ್ಲಿದ್ದರು, “ನಾಳಿ ಬಂದು ನೋಡ್ತೀನಿ ಮೇಡಂ, ಟೆನ್ಶನ್ ತಗೋಬ್ಯಾಡ್ರಿ” ಅಂದರು. ಗೌಂಡಿ ಕೈಕಾಲು ತೊಳೆದು ಹೊರಟಿದ್ದವರು ನಿಂತರು. ಕಾಂಕ್ರೀಟಿಗೆ ಹೆಬ್ಬೆರಳು ಊರಿ ನೋಡಿದರು. “ನಾಳಿ ಅಂದ್ರ ಬ್ರೇಕರ್ ತರಬೇಕಾಗ್ತದ ಅಕ್ಕಾರ. ಈಗಂದ್ರ ಸಲಿಕಿ ಸಾಕು.” ವೈರಿಗೆ ಒಂದು ಬಲ್ಬ್ ಸಿಕ್ಕಿಸಿ, ಇಬ್ಬರು ಕೂಲಿಯವರನ್ನು ಹಿಂದಕ್ಕೆ ಕರೆದು, ಏಳೂವರೆಯವರೆಗೆ ಬಚ್ಚಲಿನ ಹಸಿ ಕಾಂಕ್ರೀಟನ್ನು ಮೂರು ಇಂಚು ಕೆರೆದು ಬುಟ್ಟಿಯಲ್ಲಿ ಹೊರಗೆ ಹಾಕಿದರು. ನಾನು ನೀರಿನ ಪೈಪು ಹಿಡಿದು ಮಟ್ಟ ನೋಡಿದೆ. ಪಾರದರ್ಶಕ ಪೈಪಿನ ಎರಡು ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ ಎಂದು ವರ್ಷಗಟ್ಟಲೆ ಮಕ್ಕಳಿಗೆ ಹೇಳಿದ್ದೆ. ಕೈಯಲ್ಲಿ ಹಿಡಿದದ್ದು ಅದೇ ಮೊದಲು.

ಕಮೋಡಿನ ದಿಕ್ಕಿನ ಬಗ್ಗೆ ಮಾತ್ರ ಜಗಳವಾಗಲಿಲ್ಲ. ಅತ್ತೆಗೆ ವಾಸ್ತುವಿನ ಪ್ರಕಾರ ಅದು ದಕ್ಷಿಣೋತ್ತರವಾಗಿರಬೇಕು, ಬಚ್ಚಲು ಈಶಾನ್ಯಕ್ಕೆ ಬರಕೂಡದು. ಪ್ಲಂಬರ್ ಭಾಯ್ ಹೊಸ ಮನೆಗೆ ಬಂದ ಕೂಡಲೆ ಮೊದಲು ನೋಡಿದ್ದೂ ದಿಕ್ಕನ್ನೇ. ಕಾಬಾದ ಕಡೆಗೆ, ಅಂದರೆ ನಮಗೆ ಪಶ್ಚಿಮಕ್ಕೆ, ಮುಖವಾಗಲಿ ಬೆನ್ನಾಗಲಿ ಬರಬಾರದೆಂದು ಅವರಲ್ಲಿ ಪಾಲಿಸುತ್ತಾರೆ. “ನಿಮ್ದೂ ಉತ್ತರ-ದಕ್ಷಿಣ, ನಮ್ದೂ ಉತ್ತರ-ದಕ್ಷಿಣ. ಕೆಲ್ಸ ಆಸಾನ್ ಆಯ್ತು ಅಮ್ಮಾ” ಎಂದು ಅತ್ತೆಗೆ ಹೇಳಿ ಪೈಪಿಗೆ ಗುರುತು ಹಾಕಿದರು.

ಭಾಯ್ ಒಬ್ಬರೇ ಈ ಇಡೀ ಕೆಲಸದಲ್ಲಿ ನನ್ನ ಮಾತಿಗೆ ಮೊದಲೇ ಉತ್ತರ ಇಟ್ಟುಕೊಂಡಿದ್ದವರು. ಬಿಸಿನೀರು ತಣ್ಣೀರು ಬೆರೆಸಿ ಶವರಿಗೋ ನಳಕ್ಕೋ ತಿರುಗಿಸುವ, ಗೋಡೆಯೊಳಗೆ ಹೂಳುವ ಡೈವರ್ಟರ್ ಬೇಕೆಂಬ ಆಸೆ ನನಗಿತ್ತು. ಹೊರಗೆ ಒಂದು ಸಪಾಟಾದ ತಟ್ಟೆ ಮಾತ್ರ ಕಾಣುತ್ತದಲ್ಲ, ಅದು. ಅವರು ತಮ್ಮ ಚೀಲದಿಂದ ಒಂದು ಹಳೆಯ ನಳದ ಒಳಭಾಗ ತೆಗೆದು ನನ್ನ ಅಂಗೈಯಲ್ಲಿಟ್ಟರು. ಹಲ್ಲಿಗೆ ಕಟ್ಟಿದ ಪಾಚಿಯಂತೆ ಬಿಳಿ ಗಾರೆ ಗಟ್ಟಿಯಾಗಿ ಕೂತಿತ್ತು. ನಮ್ಮ ಜಿಲ್ಲೆಯ ಎಷ್ಟೋ ಕಡೆ ನೆಲವೇ ಸುಣ್ಣದ ಕಲ್ಲಿನದು, ಬೋರಿನ ನೀರಿನಲ್ಲಿ ಅದೇ ಕರಗಿ ಬರುತ್ತದೆ. “ಇದು ಗ್ವಾಡಿ ಒಳಗ ಜಾಮ್ ಆದ್ರ ಟೈಲ್ಸ್ ಒಡೀಬೇಕು ಮೇಡಂ. ಹೊರಗಿದ್ರ ಪಾನಾ ಹಚ್ಚಿ ತಿರುವಿದ್ರ ಮುಗೀತು.” ಹೊರಗೆ ಕಾಣುವ ಸಾದಾ ವಾಲ್ ಮಿಕ್ಸರ್ ಹಾಕಿಸಿದೆ, ನಾಲ್ಕು ಸಾವಿರ ಉಳಿಯಿತು.

ನಳದ ಎತ್ತರಕ್ಕೆ ಅತ್ತೆಯ ಬಕೆಟನ್ನೇ ಸೈಟಿಗೆ ಒಯ್ದೆ. ಇಪ್ಪತ್ತು ಲೀಟರಿನ ಸ್ಟೀಲ್ ಬಕೆಟ್, ಮದುವೆಯಲ್ಲಿ ತವರಿನಿಂದ ಬಂದದ್ದು, ಅದನ್ನು ಬಿಟ್ಟು ಬೇರೆಯದರಲ್ಲಿ ಅವರು ಸ್ನಾನ ಮಾಡುವುದಿಲ್ಲ. ಅದಕ್ಕೂ ಒಂದು ಪುಟ್ಟ ಕಟ್ಟೆ: ಕುಳಿತವರು ಬಗ್ಗದೆ ನೀರು ಮೊಗೆಯುವಂತೆ ಬಕೆಟನ್ನು ನೆಲದಿಂದ ಎಂಟು ಇಂಚು ಎತ್ತರಿಸಿದೆವು. ಪೈಪೆಲ್ಲ ಕೂರಿಸಿದ ಮೇಲೆ ಭಾಯ್ ಕೈಪಂಪಿನಿಂದ ಒತ್ತಡ ಕೊಟ್ಟು ಒಂದು ರಾತ್ರಿ ಬಿಟ್ಟರು. ಬೆಳಗ್ಗೆ ಮೀಟರಿನ ಮುಳ್ಳು ಇದ್ದಲ್ಲೇ ಇತ್ತು. ಗಿಲಾವು ಮುಚ್ಚುವ ಮೊದಲು ಪ್ರತಿ ಗೋಡೆಗೂ ಟೇಪು ಇಳಿಬಿಟ್ಟು ಫೋಟೋ ತೆಗೆದುಕೊಂಡೆ. ಕಂಬಿ ಹಾಕಲು ಡ್ರಿಲ್ ತಂದ ಹುಡುಗನಿಗೆ ಆ ಫೋಟೋ ತೋರಿಸದೆ ಹೋಗಿದ್ದರೆ ಗೀಜರಿನ ಪೈಪಿಗೇ ತೂತು ಬೀಳುತ್ತಿತ್ತು.

ಮಹಡಿ ಮೇಲಿನ ಬಚ್ಚಲ ಕಥೆ ಬೇರೆ. ಅಲ್ಲಿ ಸ್ಲ್ಯಾಬನ್ನೇ ಹತ್ತು ಇಂಚು ತಗ್ಗಿಸಿ, ಪೈಪು ಅದರಲ್ಲಿ ಹಾಯಿಸಿ, ಮೇಲೆ ಇಟ್ಟಿಗೆ ಚೂರು ತುಂಬುತ್ತಾರೆ. ತುಂಬುವ ಮೊದಲು ಮೂಲೆಗಳಿಗೆ ಗೋಲಾ ಹೊಡೆದು, ಅಂದರೆ ಸಿಮೆಂಟಿನಿಂದ ದುಂಡಗೆ ಮಾಡಿ, ಎರಡು ಕೋಟ್ ಕೆಮಿಕಲ್ ಬಳಿದು, ಮೂರು ದಿನ ನೀರು ನಿಲ್ಲಿಸಿ ನೋಡಬೇಕು. ನಿಲ್ಲಿಸಿದೆವು, ಗೋಡೆಗೆ ಪೆನ್ಸಿಲಿನಿಂದ ಗೆರೆ ಹಾಕಿದೆ. ಮರುದಿನ ನೀರು ನಾಲ್ಕು ಬೆರಳು ಇಳಿದಿತ್ತು. ಕಾಂಟ್ರ್ಯಾಕ್ಟರ್ ಹೇಳಿದ್ದು, “ಮಾರ್ಚ್ ಬಿಸಿಲ್ರಿ ಮೇಡಂ, ಆರ್ತದ. ಮತ್ತ ಹೊಸಾ ಸಿಮೆಂಟು ನೀರು ಕುಡೀತದ.” ವಾಡಿ, ಮಳಖೇಡ, ಸೇಡಂ ಎಂದು ಹಲವು ಕಡೆ ಸಿಮೆಂಟ್ ಕಾರ್ಖಾನೆ ಇರುವ ಜಿಲ್ಲೆಯವರು ನಾವು, ಸಿಮೆಂಟಿನ ಮೇಲೆ ನಮಗೆ ದೇವರ ಮೇಲಿನಷ್ಟೇ ನಂಬಿಕೆ.

ಬಿಸಿಲಿಗೆ ಆರುವುದು ನಿಜವೇ ಇರಬಹುದು, ಆದರೆ ಎಷ್ಟು? ಮತ್ತೆ ಗೆರೆಯವರೆಗೆ ನೀರು ತುಂಬಿಸಿ, ಪಕ್ಕದಲ್ಲೇ ಒಂದು ಪ್ಲಾಸ್ಟಿಕ್ ಬಕೆಟಿನಲ್ಲೂ ನೀರು ಇಟ್ಟು ಅದಕ್ಕೂ ಗೆರೆ ಹಾಕಿದೆ. ಎರಡಕ್ಕೂ ಒಂದೇ ಬಿಸಿಲು, ಒಂದೇ ಗಾಳಿ. ಮರುದಿನ ಬಕೆಟಿನಲ್ಲಿ ಅರ್ಧ ಬೆರಳೂ ಇಳಿದಿರಲಿಲ್ಲ, ಗುಂಡಿಯಲ್ಲಿ ಮತ್ತೆ ನಾಲ್ಕು ಬೆರಳು. ಕೆಳಗೆ ಇಳಿದು ಪಡಸಾಲೆಯ ಛತ್ತಿಗೆ ಟಾರ್ಚ್ ಬಿಟ್ಟೆ. ಪೈಪು ಸ್ಲ್ಯಾಬಿನಿಂದ ಹೊರಬರುವ ಜಾಗದ ಸುತ್ತ ರೊಟ್ಟಿಯಗಲ ಕಪ್ಪು ಕಲೆ. ನಡುವಿನಲ್ಲಿ ಒಂದು ಹನಿ, ಬೀಳದೆ ನೇತಾಡುತ್ತಿತ್ತು.

ಆಮೇಲೆ ನಡೆದದ್ದನ್ನು ಮನೆ ಕಟ್ಟಿಸಿದ ಯಾರೂ ಊಹಿಸಬಹುದು. ಗೌಂಡಿ ಕಡೆಯವರು ಪ್ಲಂಬರ್ ಪೈಪು ಅಲುಗಾಡಿಸಿದ್ದಾರೆ ಅಂದರು. ಭಾಯ್ ತೂತು ಮುಚ್ಚಿದ್ದು ನಾವಲ್ಲ ಅಂದರು. ಇಬ್ಬರೂ ನಿಜ ಹೇಳುತ್ತಿದ್ದರು. ಪೈಪಿನ ಸುತ್ತಲಿನ ಸಂದಿಯನ್ನು ಮುಚ್ಚುವುದು ಯಾರ ಕೆಲಸ ಎಂದು ನನ್ನ ಹನ್ನೊಂದು ಪುಟದಲ್ಲೂ ಬರೆದಿರಲಿಲ್ಲ. ಒಂದು ದಿನ ಪೂರ್ತಿ ಇದರಲ್ಲೇ ಹೋಯಿತು. ಕಡೆಗೆ ಸಾಮಾನಿನ ದುಡ್ಡು ನಾನು, ಕೂಲಿ ಕಾಂಟ್ರ್ಯಾಕ್ಟರ್ ಎಂದು ರಾಜಿಯಾಗಿ, ಸುತ್ತ ಕೊರೆದು, ಕುಗ್ಗದ ಗ್ರೌಟ್ ತುಂಬಿ, ಮತ್ತೆ ಎರಡು ಕೋಟ್ ಬಳಿದರು. ಈ ಸಲ ಗುಂಡಿ, ಬಕೆಟ್ ಎರಡೂ ಒಂದೇ ಸಮ ಇಳಿದವು. ಕಾಂಟ್ರ್ಯಾಕ್ಟರ್ ಬಕೆಟಿನ ಫೋಟೋ ತೆಗೆದುಕೊಂಡರು, ಯಾಕೆಂದು ಹೇಳಲಿಲ್ಲ.

ಆ ಶನಿವಾರ ಬಂದ ನಮ್ಮವರು ಲೆಕ್ಕ ನೋಡಿ, “ಫಿರೋಜ್ ಶಹಾ ಸುಲ್ತಾನನೂ ತನ್ನ ಹಮಾಮಿಗೆ ಇಷ್ಟು ತಲಿ ಕೆಡಿಸ್ಕೊಂಡಿರ್ಲಿಕ್ಕಿಲ್ಲ” ಅಂದರು. ಆ ಬಹಮನಿ ಸುಲ್ತಾನ ಕಟ್ಟಿಸಿದ ಭೀಮಾ ದಂಡೆಯ ಫಿರೋಜಾಬಾದಿಗೆ ನಾವು ಮಕ್ಕಳನ್ನು ಪ್ರವಾಸ ಒಯ್ದಾಗ ಅವರೂ ಬಂದಿದ್ದರು. ಆರುನೂರು ವರ್ಷದ ಹಮಾಮಿನ ಗುಮ್ಮಟ ಇನ್ನೂ ನಿಂತದ್ದು ನೋಡಿದ್ದೆವು. ಅವನ ಬಳಿ ನೋಟ್‌ಬುಕ್ ಹಿಡಿದ ಹೆಂಡತಿ ಇದ್ದಿರಬೇಕು ಅಂದೆ.

ಟೈಲ್ಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಗಳಿಗೆ ಹೊಳೆಯುವ ಕಪ್ಪು ಬೇಕಿತ್ತು, ನಮ್ಮ ನೀರಿಗೆ ಕಪ್ಪು ವಾರದಲ್ಲಿ ಬೂದಿ ಬಳಿದಂತಾಗುತ್ತದೆ. ಅತ್ತೆಗೆ ಊರ ಬಚ್ಚಲಿನ ಹಾಗೆ ಒರಟು ಶಹಾಬಾದ್ ಫರಸಿಯೇ ಬೇಕಿತ್ತು. ಅದನ್ನು ಹಿಂದಿನ ಬಟ್ಟೆ ಒಗೆಯುವ ಜಾಗಕ್ಕೆ ಹಾಕಿಸಿ ಸಮಾಧಾನ ಮಾಡಿದೆ. ಜಾರದ ಟೈಲ್ಸಿಗೆ ಆರ್ 9ರಿಂದ ಆರ್ 13ರವರೆಗೆ ಒಂದು ಅಳತೆ ಇದೆ, ಸಂಖ್ಯೆ ಏರಿದಷ್ಟೂ ಹಿಡಿತ ಹೆಚ್ಚು. ಅಂಗಡಿಯಲ್ಲಿ ಕೇಳಿದರೆ “ಎಲ್ಲಾ ಆ್ಯಂಟಿ ಸ್ಕಿಡ್ಡೇ ಅದಾವ್ರಿ” ಅಂದರು. ಚಪ್ಪಲಿ ಬಿಟ್ಟು, ಟೈಲ್ಸಿನ ಮೇಲೆ ನೀರು ಸುರಿಸಿ, ಸೋಪಿನ ತುಂಡು ಉಜ್ಜಿಸಿ ಬರಿಗಾಲಲ್ಲಿ ನಿಂತು ನೋಡಿದೆ. ಮೂರರಲ್ಲಿ ಎರಡು ಜಾರಿದವು. ಮೂರನೆಯದು ಒಂದಡಿಯ ಮಾಸಲು ಬೂದು ಚೌಕ. ಸಣ್ಣ ಟೈಲ್ಸಾದರೆ ಢಾಳ ಕೊಡಲೂ ಸುಲಭ, ಸಂದಿ ಜಾಸ್ತಿಯಿದ್ದಷ್ಟು ಕಾಲಿಗೆ ಹಿಡಿತ.

2023ರ ಮೇ 10ಕ್ಕೆ ವಿಧಾನಸಭೆ ಚುನಾವಣೆ. ಮಾಸ್ತರರಿಗೆ ಚುನಾವಣೆ ಡ್ಯೂಟಿ ತಪ್ಪಿದ್ದಲ್ಲ. ನನಗೆ ಬಂದದ್ದು ಜೇವರ್ಗಿ ಕಡೆಯ ಮತಗಟ್ಟೆ. ಒಂಬತ್ತನೇ ತಾರೀಕಿಗೆ ಹೊರಟವಳು ಯಂತ್ರ ಒಪ್ಪಿಸಿ ಮನೆ ಮುಟ್ಟುವಾಗ ಹತ್ತರ ನಡುರಾತ್ರಿ. ಎರಡು ದಿನ ಬಚ್ಚಲ ನೆಲ ಮುಟ್ಟಬೇಡಿ ಎಂದು ಹೇಳಿ ಹೋಗಿದ್ದೆ. ಹನ್ನೊಂದಕ್ಕೆ ಹೋಗಿ ನೋಡಿದರೆ ನೆಲ ಮುಗಿದು, ಸಂದಿಗೆ ಬಿಳಿ ಸಿಮೆಂಟೂ ತುಂಬಿತ್ತು. ಟೈಲ್ಸ್ ಹಾಕುವವರು ರಾಜಸ್ಥಾನದ ಅಣ್ಣತಮ್ಮಂದಿರು, ಮುಂದಿನ ಸೈಟಿಗೆ ಹೋಗುವ ಅವಸರ ಅವರಿಗೆ. ಗೆರೆ ನೋಡಿದರೆ ದಾರ ಹಿಡಿದಂತಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಮಗ್ಗು ನೀರು ಹಾಕಿದೆ. ಅರ್ಧ ಜಾಲಿಗೆ ಹೋಯಿತು, ಉಳಿದರ್ಧ ಯೋಚನೆ ಮಾಡುತ್ತಾ ನಿಂತು ಮೆಲ್ಲಗೆ ಬಾಗಿಲ ಕಡೆಗೆ ಬಂತು.

ಹೊಸ್ತಿಲು ಬೇಡವೆಂದು ಹಟ ಹಿಡಿದವಳು ನಾನು. ಹೊಸ್ತಿಲಿದ್ದರೆ ಆ ನೀರು ಅಲ್ಲೇ ನಿಂತಿರುತ್ತಿತ್ತು. ಇಲ್ಲದ್ದರಿಂದ ನೇರ ಅತ್ತೆಯ ಮಂಚದ ಕೆಳಗೆ.

ಮಗನ ಗೋಲಿ ತಂದು ಬಾಗಿಲ ಬಳಿ ಬಿಟ್ಟೆ. ಅದು ಎರಡು ಟೈಲ್ಸ್ ದಾಟಿ, ತಿರುಗಿ, ನನ್ನ ಕಾಲ ಬಳಿಗೇ ಬಂದು ನಿಂತಿತು. ಅಣ್ಣನಾದವನು “ಥೋಡಾ ಪಾನಿ ತೋ ರುಕೇಗಾ ಮೇಡಂ” ಅಂದ. ಒಂದೂವರೆ ಇಂಚು ಇಳಿಯಬೇಕಾದಲ್ಲಿ ನೀರಿನ ಪೈಪು ಹಿಡಿದರೆ ಅರ್ಧ ಇಂಚೂ ಇಳಿದಿರಲಿಲ್ಲ. ಕಾಂಟ್ರ್ಯಾಕ್ಟರ್ ಬಂದರು, “ನೀವ್ ಇದ್ದಿದ್ರ ಹಿಂಗಾಗ್ತಿರ್ಲಿಲ್ಲ” ಅಂದರು. ನಾನು ಒಂಬತ್ತನೇ ಪುಟ ತೆಗೆದೆ. ಅವರು ನಮ್ಮವರಿಗೆ ಫೋನ್ ಹಚ್ಚಿದರು. ಸ್ಪೀಕರ್ ಹಾಕಿರಲಿಲ್ಲ, ಆದರೂ ಆ ಕಡೆಯ ಮಾತು ನನಗೆ ಕೇಳಿಸಿತು: “ಅಕಿಗೇ ಕೇಳ್ರಿ.”

ಹದಿಮೂರನೇ ತಾರೀಕು ನಾಲ್ಕು ಸಾಲು ಕಿತ್ತರು. ಅವತ್ತು ಮತ ಎಣಿಕೆ. ಸ್ಟೂಲಿನ ಮೇಲೆ ಒಂದು ಮೊಬೈಲ್ ಒರಗಿಸಿಟ್ಟು, ಪ್ರತಿ ಸುತ್ತಿಗೂ ಉಳಿ ಕೆಳಗಿಟ್ಟು ನೋಡುತ್ತಾ, ಕಾಂಟ್ರ್ಯಾಕ್ಟರ್ ಒಂದು ಪಾರ್ಟಿ ಗೌಂಡಿ ಇನ್ನೊಂದು ಪಾರ್ಟಿ, ಸಂಜೆಯಾದರೂ ಮುಗಿಯಲಿಲ್ಲ. ಹದಿನಾಲ್ಕು ಟೈಲ್ಸ್ ಒಡೆದವು, ದುಡ್ಡು ಅವರ ಲೆಕ್ಕಕ್ಕೆ ಹೋಯಿತು. ಮರುದಿನ ಗೋಲಿ ಬಾಗಿಲಿನಿಂದ ಹೊರಟು ಜಾಲಿಯ ಮೇಲೆ ಟಕ್ಕೆಂದು ನಿಂತಿತು. ಕಮೋಡಿನ ಹಿಂದೆ ಮೂಲೆಯಲ್ಲಿ ಅಂಗೈಯಗಲ ನೀರು ಮಾತ್ರ ಈಗಲೂ ನಿಲ್ಲುತ್ತದೆ. ಅದನ್ನು ಕೀಳಿಸಬೇಕಾದರೆ ಕಮೋಡನ್ನೇ ಎಬ್ಬಿಸಬೇಕಿತ್ತು, ಸಾಕೆನಿಸಿ ಬಿಟ್ಟೆ.

ನಮ್ಮ ಬಡಾವಣೆಗೆ ಒಳಚರಂಡಿ ಇನ್ನೂ ಬಂದಿಲ್ಲ, ಸೆಪ್ಟಿಕ್ ಟ್ಯಾಂಕೇ ಗತಿ. ಎರೆ ಮಣ್ಣು ನೀರು ಕುಡಿಯುವುದಿಲ್ಲ, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೊದಲ ಮಳೆಗೇ ಹೊರಗಿನ ಚೇಂಬರ್ ಒಂದು ಇಂಚು ಕುಸಿದು ಪೈಪಿನ ಜೋಡಣೆ ಬಾಯಿ ಬಿಟ್ಟಿತು. ಸುತ್ತ ಎರಡಡಿ ಎರೆ ತೆಗೆಸಿ ಮುರುಮು ತುಂಬಿಸಿದ ಮೇಲೆ ನಿಂತಿದೆ. ಇದನ್ನು ಮೊದಲೇ ಮಾಡಿಸಬೇಕಿತ್ತು.

ಕಂಬಿಯ ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಮೂರು ಗೆರೆ ಹಾಕಿ, ಕಾಂಕ್ರೀಟ್ ತುಂಬಿಸಿ ಹಾಕಿಸಿದ ಸ್ಟೀಲ್ ಕಂಬಿಯ ಮೇಲೆ ಅತ್ತೆ ಮೊದಲ ದಿನದಿಂದಲೂ ಸೀರೆ ಒಣಹಾಕುತ್ತಾರೆ. ಹಿಡಿದುಕೊಳ್ಳಿ ಎಂದರೆ “ನನಗೇನಾಗ್ಯದ” ಅನ್ನುತ್ತಾರೆ. ಒಮ್ಮೆ ಬಾಗಿಲು ಸ್ವಲ್ಪ ತೆರೆದಿದ್ದಾಗ ನೋಡಿದೆ. ಸೀರೆಯ ಮೇಲಿಂದಲೇ ಹಿಡಿದು ಏಳುತ್ತಿದ್ದರು.

ಕಾಂಟ್ರ್ಯಾಕ್ಟರ್ 25,000ಕ್ಕೆ ಬಂದದ್ದು ಮರುವರ್ಷ ಏಪ್ರಿಲ್ ಕೊನೆಗೆ, ಮಧ್ಯಾಹ್ನ ಎರಡು ಗಂಟೆಗೆ. ಆ ಹೊತ್ತಿನಲ್ಲಿ ನಮ್ಮೂರ ಟ್ಯಾಂಕಿನ ನೀರಿಗೆ ಅಕ್ಕಿ ಹಾಕಿದರೆ ಅನ್ನವಾಗುತ್ತದೆ. ಮುಖ ತೊಳೆಯಬೇಕೆಂದು ಅತ್ತೆಯ ಬಚ್ಚಲಿಗೆ ಹೋದರು, ನಳ ತಿರುವಿ “ಹಾ!” ಎಂದು ಕೈ ಕೊಡವಿದ್ದು ಪಡಸಾಲೆಗೆ ಕೇಳಿಸಿತು.

“ಬಿಸಿನೀರಿಂದು ತಿರುವ್ರಿ” ಅಂದೆ.

“ಏನಂದ್ರಿ?”

“ಕೆಂಪು ಗುರುತಿಂದು. ಗೀಜರ್ ಬಂದ್ ಅದ.”

ಬೇಸಿಗೆಯಲ್ಲಿ ಗೀಜರ್ ಹಚ್ಚುವುದಿಲ್ಲ. ಅದರೊಳಗಿನ 25 ಲೀಟರ್ ನೀರು ಬೆಳಗಿನಿಂದ ಬಚ್ಚಲ ನೆರಳಲ್ಲೇ ಇರುತ್ತದೆ, ಬಿಸಿಲು ಕಾದ ಪೈಪಿನದ್ದಲ್ಲ. ಬಿಸಿನೀರಿನ ನಳದಲ್ಲಿ ತಣ್ಣೀರು ಬರುತ್ತದೆ ಎಂದು ಕಂಡುಹಿಡಿದದ್ದು ಅತ್ತೆ, ನಾನಲ್ಲ.

ಬಹಳ ಹೊತ್ತು ನೀರಿನ ಸದ್ದು ಬಂತು. ಆಮೇಲೆ ಸದ್ದು ನಿಂತು, ನೆಲದ ಮೇಲೆ ಕಾಲು ಉಜ್ಜುವ ಸಪ್ಪಳ. ಇಣುಕಿದರೆ ಅವರು ಪ್ಯಾಂಟು ಮಡಿಚಿಕೊಂಡು, ಕಮೋಡಿನ ಹಿಂದಿನ ಮೂಲೆಯ ಅಂಗೈಯಗಲ ನೀರನ್ನು ಪಾದದಿಂದ ಜಾಲಿಯ ಕಡೆ ದೂಡುತ್ತಿದ್ದರು. ದೂಡಿದಷ್ಟೂ ಸ್ವಲ್ಪ ಹಿಂದಕ್ಕೆ ಬರುತ್ತಿತ್ತು. ಹೊರಗೆ ಬಂದು ಮುಖ ಒರೆಸಿಕೊಂಡು ಕುಳಿತರು, ನಾನು ಎಣಿಸಿಟ್ಟ ನೋಟುಗಳನ್ನು ಮತ್ತೊಮ್ಮೆ ಎಣಿಸಿದರು. ಒಂದು ಐದುನೂರನ್ನು ತೆಗೆದು ಟೀಪಾಯಿಯ ಮೇಲೆ ನನ್ನ ಕಡೆ ಸರಿಸಿದರು.

“ಇದು ಆ ಮೂಲಿದು” ಅಂದರು.